ತೋಟದ ಕೆರೆಗೆ ಕಾಳಾಂಜಿ ಬಿಡಬಹುದಾ?

ರೊಬಸ್ಟಾ_ರೈತ:

ನಮ್ಮ ತೋಟ ಕೊಡಗಿನ ಸಿದ್ದಾಪುರ, ನೆಲ್ಯಹುದಿಕೇರಿ ಮಧ್ಯೆ. ರೊಬಸ್ಟಾ ಕಾಫಿ, ಮೆಣಸು, ಸ್ವಲ್ಪ ಅಡಿಕೆ. ತಗ್ಗಿನಲ್ಲಿ ಅರ್ಧ ಎಕರೆಯಷ್ಟು ಕೆರೆ ಇದೆ, ಆಳ ಇರುವ ಕಡೆ ಹನ್ನೆರಡು ಅಡಿ. ಸ್ಪ್ರಿಂಕ್ಲರ್‌ಗೆ ಅಂತಲೇ ತೋಡಿಸಿದ್ದು. ಈಗ ಅದರಲ್ಲಿ ಕಾಟ್ಲಾ, ರೋಹು ಇವೆ. ಕೊಳ್ಳುವವರು ಹೇಳುವ ರೇಟಿನಲ್ಲಿ ಬಲೆ ಎಳೆಯುವವರ ಕೂಲಿ ಕಳೆದರೆ ಕೈಗೆ ಏನೂ ಉಳಿಯುವುದಿಲ್ಲ.

ಕೇರಳದ ಇರಿಟ್ಟಿಯ ಪರಿಚಯದವರೊಬ್ಬರು ಕಾಳಾಂಜಿ ಹಾಕಿ ಹಾಕಿ ಅಂತ ಹಿಂದೆ ಬಿದ್ದಿದ್ದಾರೆ. ಕಣ್ಣೂರು ಕಡೆ ಎಲ್ಲರೂ ಸಾಕುತ್ತಿದ್ದಾರಂತೆ, ಕೆಜಿಗೆ 500ರ ಕೆಳಗೆ ಸಿಗುವುದೇ ಇಲ್ಲವಂತೆ. ಅವರ ಕಡೆಯಿಂದ ಒಬ್ಬ ಏಜೆಂಟ್ ಕೂಡ ಫೋನ್ ಮಾಡಿದ್ದರು. ಮರಿ ನಾನೇ ತಂದು ಕೊಡುತ್ತೇನೆ, ಗಂಡು ಹೆಣ್ಣು ಜೋಡಿ ಲೆಕ್ಕದಲ್ಲಿ ಬಿಡುತ್ತೇನೆ, ಮುಂದಿನ ವರ್ಷದಿಂದ ನಿಮ್ಮ ಕೆರೆಯಲ್ಲೇ ಮರಿ ಆಗುತ್ತದೆ, ಮತ್ತೆ ಖರೀದಿ ಮಾಡುವ ಕೆಲಸವೇ ಇಲ್ಲ ಎಂದರು. ಕೇಳೋಕೆ ಬಹಳ ಚೆನ್ನಾಗಿದೆ.

ನನಗಿರುವ ಅನುಮಾನ ಇಷ್ಟು. ಇದು ಸಮುದ್ರದ ಮೀನಲ್ವಾ, ಸಿಹಿನೀರಲ್ಲಿ ಬದುಕುತ್ತದಾ? ಕೆರೆಗೆ ಉಪ್ಪು ಹಾಕಬೇಕಾ? (ಹಾಕಿದರೆ ಆ ನೀರನ್ನು ಕಾಫಿಗೆ ಬಿಡುವ ಹಾಗಿಲ್ಲ, ಅಲ್ಲಿಗೆ ಕತೆ ಮುಗಿಯಿತು.) ಈಗಿರುವ ರೋಹು, ಕಾಟ್ಲಾ ಜೊತೆಗೇ ಬಿಡಬಹುದಾ? ಸಾಕಿದವರು ಯಾರಾದರೂ ಇದ್ದರೆ ಹೇಳಿ. ಯೂಟ್ಯೂಬ್ ವಿಡಿಯೋ ಲಿಂಕ್ ಬೇಡ, ಸಾಕಷ್ಟು ನೋಡಿ ಆಗಿದೆ.

ಗಂಗೊಳ್ಳಿ_ಬಲೆ:

ನಾವು ಕುಂದಾಪುರದ ಕಡೆಯವರು. ಅಳಿವೆಯಲ್ಲಿ ಪಂಜರ ಕಟ್ಟಿ ಇದೇ ಮೀನು ಸಾಕುತ್ತೇವೆ. ನಮ್ಮಲ್ಲಿ ಕುರುಡಿ ಅಂತಾರೆ, ನಿಮಗೆ ಕೇರಳದಿಂದ ಬರುವುದರಿಂದ ಕಾಳಾಂಜಿ. ಗೋವಾದವರ ಚೊಣಕ್, ಬಂಗಾಳಿಗಳ ಭೇಟ್ಕಿ, ಆಸ್ಟ್ರೇಲಿಯಾದ ಬಾರಮುಂಡಿ ಎಲ್ಲ ಇದೇ.

ಮೊದಲು ನಿಮ್ಮ ಏಜೆಂಟ್ ವಿಷಯ. ಗಂಡು ಹೆಣ್ಣು ಜೋಡಿ ಎಂದವರ ಹತ್ತಿರ ಮರಿ ತೆಗೆದುಕೊಳ್ಳಲೇಬೇಡಿ. ಈ ಮೀನು ಮೊದಲು ಗಂಡಾಗಿಯೇ ಬಲಿಯುವುದು. ಮೂರು ನಾಲ್ಕು ವರ್ಷ ಗಂಡು, ಆಮೇಲೆ ಇನ್ನೂ ದೊಡ್ಡದಾದ ಮೇಲೆ ಅದೇ ಮೀನು ಹೆಣ್ಣಾಗುತ್ತದೆ. ಹೆಣ್ಣು ಎನ್ನುವುದು ಸಾಮಾನ್ಯವಾಗಿ ಮೂರು ಅಡಿ ಹತ್ತಿರದ ಮೀನು. ಬೆರಳುದ್ದದ ಮರಿಯಲ್ಲಿ ಹೆಣ್ಣು ಹುಡುಕಿ ಕೊಡುತ್ತೇನೆ ಅನ್ನುವವರು ಒಂದೋ ಏನೂ ಗೊತ್ತಿಲ್ಲದವರು, ಇಲ್ಲವೇ ನಿಮಗೆ ಗೊತ್ತಿಲ್ಲ ಎಂದು ಗೊತ್ತಿರುವವರು.

ಕೆರೆಯಲ್ಲಿ ಮರಿ ಆಗುತ್ತದೆ ಅನ್ನುವುದೂ ಸುಳ್ಳು. ಇದು ಬೆಳೆಯುವುದು ಹೊಳೆಯಲ್ಲಿ, ಮೊಟ್ಟೆ ಇಡುವುದು ಉಪ್ಪುನೀರಲ್ಲಿ. ಬಲಿತ ಮೀನು ಮಳೆಗಾಲದ ಹೊತ್ತಿಗೆ ಹೊಳೆ ಬಿಟ್ಟು ಅಳಿವೆ ಬಾಯಿಗೆ ಇಳಿಯುತ್ತದೆ. ಅಲ್ಲಿ ನೀರು ಹೆಚ್ಚುಕಡಿಮೆ ಸಮುದ್ರದಷ್ಟೇ ಉಪ್ಪಿರಬೇಕು. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಮೊಟ್ಟೆ ಬಿಡುತ್ತದೆ, ಭರತದ (ಉಬ್ಬರದ) ನೀರು ಆ ಮೊಟ್ಟೆ ಮರಿಗಳನ್ನು ಒಳಗೆ ತಳ್ಳಿಕೊಂಡು ಬರುತ್ತದೆ. ಮರಿಗಳು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ, ಹಿನ್ನೀರಿನ ತೋಡುಗಳಲ್ಲಿ ದೊಡ್ಡವಾಗಿ, ಆಮೇಲೆ ಹೊಳೆ ಹತ್ತುತ್ತವೆ. ಈ ಸುತ್ತು ನಿಮ್ಮ ಕೆರೆಯಲ್ಲಿ ಆಗುವ ಮಾತಲ್ಲ. ಪ್ರತಿ ಸಲವೂ ಹ್ಯಾಚರಿ ಮರಿಯೇ ತರಬೇಕು. ನಮ್ಮ ದೇಶದಲ್ಲಿ ಇದನ್ನು ಸಾಕಿದ ತಾಯಿಮೀನಿನಿಂದ ಮರಿ ಮಾಡುವುದನ್ನು ಚೆನ್ನೈನ ಸಿಬಾದವರು (ಸರಕಾರದ ಉಪ್ಪುನೀರು ಮೀನು ಸಂಶೋಧನಾ ಸಂಸ್ಥೆ) 1997ರಲ್ಲಿ ಸಾಧಿಸಿದರು. ಆಮೇಲೆ ತಮಿಳುನಾಡಿನ ತೊಡುವಾಯ್‌ನಲ್ಲಿ ರಾಜೀವ್ ಗಾಂಧಿ ಜಲಕೃಷಿ ಕೇಂದ್ರದ ಹ್ಯಾಚರಿ ಬಂತು. ಅದಕ್ಕೂ ಮೊದಲು ಎಲ್ಲರೂ ಅಳಿವೆಯಲ್ಲಿ ಹಿಡಿದ ಮರಿಯನ್ನೇ ಸಾಕುತ್ತಿದ್ದರು.

ಉಪ್ಪು ಬೇಕಾ ಎಂದರೆ ಬೇಡ. ಸಿಹಿನೀರಲ್ಲಿ ಆರಾಮಾಗಿ ಬೆಳೆಯುತ್ತದೆ. ಆದರೆ ಹ್ಯಾಚರಿಯಿಂದ ಬರುವ ಮರಿ ಉಪ್ಪುನೀರಿನದು. ಅದನ್ನು ಪ್ಯಾಕೆಟ್ ಒಡೆದು ಸೀದಾ ಕೆರೆಗೆ ಸುರಿದರೆ ಬೆಳಗ್ಗೆ ಹೊಟ್ಟೆ ಮೇಲಾಗಿ ತೇಲುತ್ತವೆ. ಟ್ಯಾಂಕಿಯಲ್ಲಿ ಇಟ್ಟು ದಿನಾ ಸ್ವಲ್ಪ ಸ್ವಲ್ಪ ಸಿಹಿನೀರು ಸೇರಿಸುತ್ತಾ ಒಂದು ವಾರ ಹಿಡಿದು ಇಳಿಸಬೇಕು. ಅಥವಾ ಸಿಹಿನೀರಿಗೆ ಒಗ್ಗಿಸಿದ ಮರಿಯನ್ನೇ ಕೇಳಿ ತನ್ನಿ.

ಈಗ ತಿನ್ನುವ ವಿಷಯ. ರೋಹು ಜೊತೆ ಬಿಡಬಹುದಾ ಎಂದು ಕೇಳಿದಿರಿ. ಬಿಡಬಹುದು, ಕಾಳಾಂಜಿಗೆ ತುಂಬಾ ಖುಷಿಯಾಗುತ್ತದೆ. ಇದು ಪಕ್ಕಾ ಮಾಂಸಾಹಾರಿ. ಬಾಯಿ ಕಣ್ಣಿನಿಂದ ಹಿಂದಕ್ಕೆ ಸೀಳಿಕೊಂಡಿರುತ್ತದೆ. ಅಟ್ಟಿಸಿಕೊಂಡು ಹೋಗುವ ಜಾತಿ ಅಲ್ಲ, ಬೇರೋ ಕಲ್ಲೋ ಏನಾದರೂ ಮರೆ ನೋಡಿ ಸುಮ್ನೆ ನಿಂತಿರುತ್ತದೆ. ಹತ್ತಿರ ಬಂದಾಗ ಬಾಯಿ ತೆರೆದು ನೀರಿನ ಸಮೇತ ಎಳೆದುಕೊಳ್ಳುತ್ತದೆ. ರಾತ್ರಿ ಪಂಜರದ ಹತ್ತಿರ ಕೂತರೆ 'ಟಪ್' ಅಂತ ಸದ್ದು ಕೇಳುತ್ತದೆ, ಟಾರ್ಚ್ ಬಿಟ್ಟರೆ ಕಣ್ಣು ಕೆಂಪಗೆ ಹೊಳೆಯುತ್ತದೆ.

ಬೇರೆ ಮೀನು ಸಿಗದಿದ್ದರೆ ತಮ್ಮ ತಮ್ಮವರನ್ನೇ ತಿನ್ನುತ್ತವೆ. ಮರಿಯಲ್ಲಂತೂ ಇದೇ ದೊಡ್ಡ ತಲೆನೋವು. ತನ್ನ ಉದ್ದದ ಮೂರರಲ್ಲಿ ಎರಡು ಭಾಗ ಉದ್ದ ಇರುವ ತಮ್ಮನನ್ನು ನುಂಗಿಬಿಡುತ್ತದೆ. ಎಷ್ಟೋ ಸಲ ನುಂಗಲು ಹೋಗಿ ಗಂಟಲಲ್ಲಿ ಸಿಕ್ಕಿ ಎರಡೂ ಸಾಯುತ್ತವೆ, ಬಾಯಿಂದ ಬಾಲ ಹೊರಗೆ ಚಾಚಿಕೊಂಡು ತೇಲುತ್ತಿರುತ್ತದೆ. ಅದಕ್ಕೆ ಮೂರು ನಾಲ್ಕು ದಿನಕ್ಕೊಮ್ಮೆ ಎಲ್ಲವನ್ನೂ ಎತ್ತಿ, ಸಣ್ಣದು, ಮಧ್ಯಮ, ದೊಡ್ಡದು ಎಂದು ಬೇರೆ ಬೇರೆ ಬಲೆಗೆ ಹಾಕಬೇಕು. ನಾಲ್ಕು ಇಂಚು ದಾಟುವ ತನಕ ಈ ಕೆಲಸ ತಪ್ಪಿದ್ದಲ್ಲ. ಇದನ್ನು ಮಾಡಲು ಪುರುಸೊತ್ತಿಲ್ಲದವರು ದುಡ್ಡು ಜಾಸ್ತಿ ಕೊಟ್ಟು ದೊಡ್ಡ ಮರಿಯನ್ನೇ ತರುವುದು ಒಳ್ಳೆಯದು.

ನಮ್ಮಲ್ಲಿ ಬೆಲೆ ಇರುವುದೇನೋ ನಿಜ. ಖರ್ಚೂ ಹಾಗೇ ಇದೆ. ಹಿಂಡಿ, ತೌಡು ಎಸೆದರೆ ಮೂಸಿಯೂ ನೋಡುವುದಿಲ್ಲ. ನೂರಕ್ಕೆ ನಲವತ್ತರ ಮೇಲೆ ಪ್ರೋಟೀನ್ ಇರುವ ತೇಲುವ ಪೆಲೆಟ್ ಬೇಕು, ಇಲ್ಲವೇ ಹಸಿ ಮೀನಿನ ಚೂರು. ಹಸಿ ಮೀನು ಕರಾವಳಿಯವರಿಗೆ ಸರಿ. ಅದನ್ನು ಘಾಟಿ ಹತ್ತಿಸಿ ನಿಮ್ಮಲ್ಲಿಗೆ ತಂದರೆ ಲೆಕ್ಕ ಸರಿಹೋಗಲ್ಲ.

ಪೊನ್ನಂಪೇಟೆ_ಹುಡುಗ:

ಸಾರ್ ಸುಮ್ನೆ ಗೆಂಡೆ (ಕಾಮನ್ ಕಾರ್ಪ್) ಹಾಕಿ. ಚಳಿಗೂ ಆಗುತ್ತದೆ, ಕೆಸರಿಗೂ ಆಗುತ್ತದೆ. ಕಾಳಾಂಜಿ ತಿನ್ನಬೇಕು ಅನಿಸಿದರೆ ವಿರಾಜಪೇಟೆಗೆ ಹೋಗಿ ಕೊಂಡುಕೊಳ್ಳಿ.

ಹಾರಂಗಿ_ದಂಡೆ:

ಗಂಗೊಳ್ಳಿಯವರು ಮೀನಿನ ಬಗ್ಗೆ ಹೇಳಿದ್ದೆಲ್ಲ ಸರಿ. ನಾನು ಕೆರೆ ಬಗ್ಗೆ ಹೇಳುತ್ತೇನೆ. ಉಪ್ಪು ಇದೆಯಾ ಇಲ್ವಾ ಎನ್ನುವುದಕ್ಕಿಂತ ಕೊಡಗಿನ ತೋಟದ ಕೆರೆ ವರ್ಷದಲ್ಲಿ ಹೇಗೆ ಬದುಕುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ಆ ಏಜೆಂಟ್‌ಗೆ ಅದು ಗೊತ್ತಿಲ್ಲ, ಇರಿಟ್ಟಿಯವರಿಗೂ ಗೊತ್ತಿರಲಿಕ್ಕಿಲ್ಲ.

ಈ ಮೀನಿಗೆ 26ರಿಂದ 32 ಡಿಗ್ರಿ ನೀರು ಬೇಕು. 20ರ ಹತ್ತಿರ ಬಂದರೆ ತಿನ್ನುವುದು ತೀರಾ ಕಡಿಮೆಯಾಗುತ್ತದೆ, ಅದಕ್ಕೂ ಇಳಿದರೆ ತಳದಲ್ಲಿ ಅಲ್ಲಾಡದೆ ನಿಲ್ಲುತ್ತದೆ, ರೋಗ ಹತ್ತುತ್ತದೆ. ಕಣ್ಣೂರಲ್ಲಿ ಡಿಸೆಂಬರ್‌ನಲ್ಲೂ ನೀರು ಬೆಚ್ಚಗೇ ಇರುತ್ತದೆ. ನಮ್ಮಲ್ಲಿ? ಡಿಸೆಂಬರ್, ಜನವರಿ ಬೆಳಗ್ಗೆ ಕೆರೆಯ ಮೇಲೆ ಹೊಗೆ ಏಳುವುದನ್ನು ನೋಡಿದ್ದೀರಲ್ಲ. ಹೋಗಲಿ, ಚಳಿಗಾಲ ಬಿಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲೇ ಇಲ್ಲ. ಮೋಡ, ಮಳೆ, ಬೆಟ್ಟದಿಂದ ಇಳಿದು ಬರುವ ತಣ್ಣನೆ ನೀರು. ಹಾಗಾದರೆ ಕೆರೆ ನಿಜವಾಗಿ ಬೆಚ್ಚಗಿರುವುದು ಯಾವಾಗ? ಫೆಬ್ರವರಿ ಕೊನೆಯಿಂದ ಮೇ ತನಕ.

ಅದೇ ಹೊತ್ತಿಗೆ ನೀವು ಏನು ಮಾಡುತ್ತೀರಿ? ಹೂವಿಗೆ ಸ್ಪ್ರಿಂಕ್ಲರ್ ಹಾಕುತ್ತೀರಿ. ರೊಬಸ್ಟಾ ಆದ್ದರಿಂದ ಬಿಡುವ ಹಾಗೇ ಇಲ್ಲ. ಒಂದು ಸುತ್ತು ಹೂವಿಗೆ, ಮತ್ತೆ ಮೂರು ವಾರ ಬಿಟ್ಟು ಬ್ಯಾಕಿಂಗ್ (ಕಾಯಿ ಕಚ್ಚಲು ಕೊಡುವ ನೀರು) ಇನ್ನೊಂದು ಸುತ್ತು. ಹನ್ನೆರಡು ಅಡಿ ಇದ್ದ ಕೆರೆ ನಾಲ್ಕು ಅಡಿಗೆ ಬರುತ್ತದೆ, ಎಷ್ಟೋ ಕಡೆ ಮೊಣಕಾಲುದ್ದಕ್ಕೆ. ಮೀನು ಬೆಳೆಯಬೇಕಾದ ಮೂರು ತಿಂಗಳಲ್ಲೇ ಅದಕ್ಕೆ ನೀರಿಲ್ಲ. ಇದೊಂದಕ್ಕೆ ನೀವು ಉತ್ತರ ಕಂಡುಕೊಂಡರೆ ಮಾತ್ರ ಮುಂದಕ್ಕೆ ಯೋಚಿಸಿ.

ಇನ್ನೂ ಇದೆ. ಮಳೆಗೆ ಮುಂಚೆ ಮೆಣಸಿಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುತ್ತೀರಿ ತಾನೇ? ಮೈಲುತುತ್ತದಲ್ಲಿ ಇರುವುದು ತಾಮ್ರ. ತಾಮ್ರ ಮೀನಿಗೆ ವಿಷ, ನಮ್ಮಂಥ ಮೃದು ನೀರಿನಲ್ಲಿ ಇನ್ನೂ ಜಾಸ್ತಿ. ಡ್ರಮ್ಮು, ಪೈಪು ಎಲ್ಲ ಕೆರೆ ದಂಡೆಯಲ್ಲೇ ತೊಳೆಯುವ ಅಭ್ಯಾಸ ಎಷ್ಟು ತೋಟಗಳಲ್ಲಿದೆ ನಿಮಗೇ ಗೊತ್ತು. ಮಣ್ಣು ಹುಳಿ ಇರುವುದರಿಂದ ನೀರಿನ ಪಿಎಚ್ ಕೂಡ ಕೆಳಗೇ ಇರುತ್ತದೆ, ಈ ಮೀನಿಗೆ ಏಳೂವರೆ ಆಸುಪಾಸು ಬೇಕು. ಕೆರೆಗೆ ಸುಣ್ಣ ಹಾಕಿ ಸರಿಮಾಡಬಹುದು, ಅದು ದೊಡ್ಡ ಮಾತಲ್ಲ. ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವುದು) ಮಾಡುವವರಾದರೆ ಆ ನೀರು ಒಂದು ಹನಿಯೂ ಕೆರೆಗೆ ಇಳಿಯಬಾರದು, ಆಮ್ಲಜನಕ ಎಲ್ಲ ತಿಂದುಹಾಕುತ್ತದೆ.

ಕೊನೆಗೆ ಕೋಡಿ. ಜುಲೈ, ಆಗಸ್ಟ್‌ನಲ್ಲಿ ನಿಮ್ಮ ಕೆರೆ ಕೋಡಿ ಬಿದ್ದರೆ ನೀರು ಎಲ್ಲಿಗೆ ಹೋಗುತ್ತದೆ? ತೋಡಿಗೆ, ತೋಡಿನಿಂದ ಗದ್ದೆಗೆ, ಗದ್ದೆಯಿಂದ ಕಾವೇರಿಗೆ. ಮೀನೂ ಹಾಗೇ ಹೋಗುತ್ತದೆ. 2018ರ ಆಗಸ್ಟ್‌ನಲ್ಲಿ ಎಷ್ಟು ಕೆರೆಗಳು ಏರಿ ಸಮೇತ ಹೋದವು ನೆನಪಿದೆಯಲ್ಲ. ಕಾವೇರಿಯಲ್ಲಿ ಕಿತ್ತಳೆ ರೆಕ್ಕೆಯ ಡುಬ್ಬದ ಮಹಶೀರ್ ಇದೆ, ಬೇರೆ ಯಾವ ನದಿ ವ್ಯವಸ್ಥೆಯಲ್ಲೂ ಇಲ್ಲದ್ದು. 2018ರಲ್ಲಿ ಅದನ್ನು ತೀರಾ ಅಳಿವಿನಂಚಿನ ಮೀನುಗಳ ಅಂತಾರಾಷ್ಟ್ರೀಯ ಪಟ್ಟಿಗೆ ಸೇರಿಸಿದರು. ಅದರ ಮರಿ ಬೆಳೆಯುವ ನೀರಿಗೆ ನಾವು ಇಂಥ ಹೊಟ್ಟೆಬಾಕನನ್ನು ಬಿಡುವುದು ನನಗೆ ಇಷ್ಟವಿಲ್ಲ. ಕಾಳಾಂಜಿಯ ಹತ್ತಿರದ ಸಂಬಂಧಿ ನೈಲ್ ಪರ್ಚ್ ಅನ್ನು 1950ರ ದಶಕದಲ್ಲಿ ಆಫ್ರಿಕಾದ ವಿಕ್ಟೋರಿಯಾ ಸರೋವರಕ್ಕೆ ಬಿಟ್ಟರು. ಅಲ್ಲಿನ ಸಣ್ಣ ಮೀನುಗಳ ನೂರಾರು ಜಾತಿ ಇವತ್ತು ಕಾಣುವುದಿಲ್ಲ.

ಗಂಗೊಳ್ಳಿ_ಬಲೆ:

ಹಾರಂಗಿಯವರೇ, ಹೋಲಿಕೆ ಸ್ವಲ್ಪ ಜಾಸ್ತಿ ಆಯ್ತು. ನೈಲ್ ಪರ್ಚ್ ಸಿಹಿನೀರಲ್ಲೇ ಮರಿ ಹಾಕುತ್ತದೆ, ಅದಕ್ಕೇ ಅಲ್ಲಿ ಆ ಗತಿ ಬಂತು. ಕಾಳಾಂಜಿ ಕಾವೇರಿಗೆ ತಪ್ಪಿಸಿಕೊಂಡರೂ ಅಲ್ಲಿ ಸಂಸಾರ ಹೂಡಲು ಆಗುವುದಿಲ್ಲ.

ಹಾರಂಗಿ_ದಂಡೆ:

ಒಪ್ಪಿದೆ, ಮರಿ ಆಗುವುದಿಲ್ಲ. ಆದರೆ ಬದುಕಿರುವಷ್ಟು ವರ್ಷ ತಿನ್ನುತ್ತದಲ್ಲ. ಒಬ್ಬರ ಕೆರೆಯಿಂದ ಹೋದರೆ ಪರವಾಗಿಲ್ಲ ಅನ್ನಬಹುದು. ಒಬ್ಬರು ಹಾಕಿ ದುಡ್ಡು ಮಾಡಿದರು ಎಂದು ಸುದ್ದಿಯಾದರೆ ಮುಂದಿನ ವರ್ಷ ಇಡೀ ಹೋಬಳಿ ಹಾಕುತ್ತದೆ, ಆಮೇಲೆ ಪ್ರತಿ ಮಳೆಗಾಲವೂ ಹೊಸ ಮೀನು ಹೊಳೆಗೆ ಬರುತ್ತಲೇ ಇರುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ನಿಷೇಧ ಇದ್ದರೂ ಹೇಗೆ ಎಲ್ಲ ಕೆರೆಗೂ ಬಂತು ನೋಡಿದ್ದೇವೆ.

ಮಾಕುಟ್ಟ_ಗಡಿ:

ನೀವೆಲ್ಲ ಕಾಳಾಂಜಿ ಕೊಡಗಿಗೆ ಹೊರಗಿನದು ಅನ್ನುತ್ತಿದ್ದೀರಿ. ನಮ್ಮ ಕಡೆ ಹಳಬರು ಬರಪೊಳೆಯಲ್ಲಿ ಕಾಳಾಂಜಿ ಹಿಡಿಯುತ್ತಿದ್ದರು ಎಂದು ಹೇಳುವುದು ಕೇಳಿದ್ದೇನೆ. ಬರಪೊಳೆ ಹರಿಯುವುದು ಪಶ್ಚಿಮಕ್ಕೆ, ಕಾವೇರಿ ಕಡೆಗಲ್ಲ. ಇರಿಟ್ಟಿ ಮೇಲೆ ಹೋಗಿ ವಳಪಟ್ಟಣಂ ಹೊಳೆ ಸೇರಿ ಅಳಿಕ್ಕಲ್‌ನಲ್ಲಿ ಸಮುದ್ರಕ್ಕೆ ಬೀಳುತ್ತದೆ. ಸಮುದ್ರದ ಮೀನು ಹೊಳೆ ಹತ್ತುತ್ತದೆ ಎಂದು ನೀವೇ ಹೇಳಿದ್ದೀರಲ್ಲ, ಹಾಗಾದರೆ ಮಾಕುಟ್ಟದ ತನಕ ಯಾಕೆ ಬರಬಾರದು?

ಗಂಗೊಳ್ಳಿ_ಬಲೆ:

ಒಳ್ಳೆ ಪ್ರಶ್ನೆ. ಆಸ್ಟ್ರೇಲಿಯಾದ ಉತ್ತರದಲ್ಲಿ, ಪಪುವಾ ನ್ಯೂಗಿನಿಯಲ್ಲಿ ಇದು ಹೊಳೆಯಲ್ಲಿ ಬಹಳ ದೂರ ಮೇಲಕ್ಕೆ ಹೋಗುತ್ತದೆ. ಆದರೆ ಅವೆಲ್ಲ ಚಪ್ಪಟೆ ನಾಡಿನ ದೊಡ್ಡ ಹೊಳೆಗಳು, ನಿಧಾನವಾಗಿ ಹರಿಯುವ ನೀರು. ನಮ್ಮ ಪಶ್ಚಿಮದ ಹೊಳೆಗಳು ಸಣ್ಣವು, ಘಾಟಿಯಿಂದ ಬಂಡೆ ಮೇಲೆ ಧುಮುಕಿಕೊಂಡು ಬರುತ್ತವೆ. ಕಾಳಾಂಜಿ ಬಂಡೆ ಹಾರುವ ಮೀನಲ್ಲ, ಮಹಶೀರ್ ತರಹ ಸೆಳವಿನ ವಿರುದ್ಧ ಈಜುವ ತಾಕತ್ತೂ ಅದಕ್ಕಿಲ್ಲ. ಬಯಲಲ್ಲಿ ನೀರು ಎಲ್ಲಿಯ ತನಕ ಸೆಳವಿಲ್ಲದೆ ನಿಂತಂತೆ ಇರುತ್ತದೋ ಅಲ್ಲಿಯ ತನಕ ಅದರ ಓಡಾಟ.

ಮಾಕುಟ್ಟ ತಗ್ಗಿನ ಜಾಗ, ಅಲ್ಲಿ ಸೆಖೆಯೂ ಇದೆ, ಅದು ಒಪ್ಪುತ್ತೇನೆ. ಆದರೆ ಮಧ್ಯದಲ್ಲಿ ಪಳಶ್ಶಿ ಅಣೆಕಟ್ಟು ಇದೆಯಲ್ಲ, ಇರಿಟ್ಟಿಗಿಂತ ಕೆಳಗೆ. ಅದು ಕಟ್ಟಿದ ಮೇಲೆ ಕೆಳಗಿನ ಮೀನಿಗೆ ದಾರಿ ಬಂದ್. ಅದಕ್ಕೆ ಮುಂಚೆ ಏನಿತ್ತೋ, ಹಳಬರು ನೋಡಿದ್ದರೆ ನಾನು ಇಲ್ಲ ಅನ್ನುವುದಿಲ್ಲ. ಅವರು ಹೇಳುವ ಮೀನಿಗೆ ಗುಂಡಗಿನ ಬಾಲ ಇತ್ತಾ, ಕವಲೊಡೆದ ಬಾಲ ಇತ್ತಾ ಕೇಳಿ ನೋಡಿ. ಕವಲಾಗಿದ್ದರೆ ಅದು ಕಾಳಾಂಜಿ ಅಲ್ಲವೇ ಅಲ್ಲ.

ಮಾಕುಟ್ಟ_ಗಡಿ:

ಕೇಳಿದೆ. ಬಾಲ ನೆನಪಿಲ್ಲವಂತೆ, ರುಚಿ ಮಾತ್ರ ನೆನಪಿದೆಯಂತೆ 😄

ಕಾಚಂಪುಳಿ:

ಬಾಲದ ಮಾತು ಬಂತಲ್ಲ, ಕೊಳ್ಳುವವರಿಗೆ ಒಂದೆರಡು ಮಾತು. ಗೋಣಿಕೊಪ್ಪದಲ್ಲಿ, ವಿರಾಜಪೇಟೆಯಲ್ಲಿ ಇಡೀ ಮೀನು ಸಿಕ್ಕಿದರೆ ಗುರುತು ಹಿಡಿಯುವುದು ಕಷ್ಟವಿಲ್ಲ. ತಲೆ ಚೂಪು. ಮೂತಿಯಿಂದ ಹಣೆಗೆ ಹೋಗುವಾಗ ಒಂದು ಕಡೆ ತಗ್ಗಿ, ಬೆನ್ನು ಅಲ್ಲಿಂದ ಡುಬ್ಬದಂತೆ ಏಳುತ್ತದೆ. ಬೆನ್ನಿನ ರೆಕ್ಕೆಯ ಮುಂದಿನ ಅರ್ಧ ಮುಳ್ಳು, ಹಿಂದಿನ ಅರ್ಧ ಮೆತ್ತಗೆ, ಎರಡರ ಮಧ್ಯೆ ಆಳವಾದ ಕಚ್ಚು. ಬಾಲ ಬೀಸಣಿಗೆಯಂತೆ ಗುಂಡಗೆ. ಹೊಟ್ಟೆ ಬೆಳ್ಳಿ, ಬೆನ್ನು ಹಸಿರು ಬೆರೆತ ಬೂದು. ಕಿವಿರು ಮುಚ್ಚುವ ತಟ್ಟೆಯ ಅಂಚಿನಲ್ಲಿ ಗರಗಸದ ಹಲ್ಲುಗಳಿವೆ, ಅಲ್ಲಿ ಕೈ ಹಾಕಿ ಮೀನು ಎತ್ತಲು ಹೋಗಬೇಡಿ. ಬ್ಲೇಡಿನ ಹಾಗೆ ಕೊಯ್ಯುತ್ತದೆ, ಮೀನಿನ ಅಂಗಡಿಯವರು ಯಾವತ್ತೂ ಕೆಳದವಡೆ ಹಿಡಿದೇ ಎತ್ತುವುದು.

ಚರ್ಮ ಸುಲಿದು ಬಿಳಿ ಹೋಳು ಮಾಡಿಟ್ಟದ್ದನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಕೋಲ್ಕತ್ತದಲ್ಲಿ ಭೇಟ್ಕಿ ಎಂದು ಬಾಸಾ ಮೀನು ಮಾರುವುದು ಹಳೇ ಕತೆ. ಬಾಸಾ ಹೋಳು ಬೇಯಿಸಿದರೆ ನೀರು ಬಿಟ್ಟು ಮೆತ್ತಗಾಗುತ್ತದೆ. ಇದು ಹಾಗಲ್ಲ, ದಪ್ಪ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ.

ಇದು ಕಾಚಂಪುಳಿಗೆ (ನಮ್ಮ ಕೊಡಗಿನ ಕಪ್ಪು ಹುಳಿ) ಹೇಳಿ ಮಾಡಿಸಿದ ಮೀನು. ಮಾಂಸ ಗಟ್ಟಿ ಇರುವುದರಿಂದ ಹುಳಿ ಹಾಕಿ ಕುದಿಸಿದರೂ ಒಡೆಯುವುದಿಲ್ಲ. ಆದರೆ ಒಂದು ವಿಷಯ, ಕೆಸರು ಕೆರೆಯಲ್ಲಿ ಬೆಳೆದ ಕಾಳಾಂಜಿಗೆ ಮಣ್ಣಿನ ವಾಸನೆ ಬರುತ್ತದೆ. ಅಳಿವೆಯದ್ದಕ್ಕೆ ಬರುವುದಿಲ್ಲ. ಸಾಕುವವರು ಮಾರುವ ಮುಂಚೆ ಕೆಲವು ದಿನ ಶುದ್ಧ ಹರಿಯುವ ನೀರಲ್ಲಿ ಇಡಬೇಕು. ಇಲ್ಲದಿದ್ದರೆ ಒಂದು ಸಲ ಕೊಂಡವರು ಎರಡನೇ ಸಲ ಬರುವುದಿಲ್ಲ.

ರೊಬಸ್ಟಾ_ರೈತ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಏಜೆಂಟ್‌ಗೆ ಫೋನ್ ಮಾಡಿ, ಹೆಣ್ಣು ಮರಿ ಹೇಗೆ ಗುರುತಿಸುತ್ತೀರಿ ಎಂದು ಕೇಳಿದೆ. ಆಮೇಲೆ ಮಾಡುತ್ತೇನೆ ಎಂದು ಇಟ್ಟವರು ಮತ್ತೆ ಮಾಡಿಲ್ಲ.

ಹಾರಂಗಿಯವರು ಹೇಳಿದ ಸ್ಪ್ರಿಂಕ್ಲರ್ ವಿಷಯ ಸರಿಯಾಗಿ ತಾಗಿತು. ಮಾರ್ಚ್ ಕೊನೆಗೆ ನಮ್ಮ ಕೆರೆಯಲ್ಲಿ ಪಂಪಿನ ಫುಟ್‌ವಾಲ್ವ್ ಮುಳುಗುವಷ್ಟು ಮಾತ್ರ ನೀರು ಇರುತ್ತದೆ. ನೀರುನಾಯಿಗಳೂ ಆಗಲೇ ಬರುತ್ತವೆ. ರಾತ್ರಿ ಆನೆ ಬಂದರೆ ಇಳಿದು ಕಲಕಿ ಹೋಗುತ್ತದೆ, ಅದನ್ನಂತೂ ಯಾರೂ ತಡೆಯಲು ಆಗಲ್ಲ.

ಆದರೆ ಮನೆ ಹತ್ತಿರ ಬೇರೆ ಒಂದು ಸಣ್ಣ ಹೊಂಡ ಇದೆ, ಟಾರ್ಪಾಲಿನ್ ಹಾಕಿದ್ದು. ಬೋರ್‌ವೆಲ್ ನೀರು ತುಂಬುತ್ತೇವೆ. ಅದಕ್ಕೆ ಕೋಡಿ ಇಲ್ಲ, ಸ್ಪ್ರಿಂಕ್ಲರ್‌ಗೂ ಬಳಸುವುದಿಲ್ಲ. ಅಲ್ಲಿ ಐನೂರು ಮರಿ ಹಾಕಿ ನೋಡಿದರೆ ಹೇಗೆ? ತಿನ್ನಲು ತಿಲಾಪಿಯಾ ಮರಿ ಸಾಕಿ ಅದನ್ನೇ ಕೊಡಬಹುದಾ?

ಗಂಗೊಳ್ಳಿ_ಬಲೆ:

ತಿಲಾಪಿಯಾ ಕೊಡುವುದು ಎಷ್ಟೋ ಕಡೆ ಇದೆ. ಹೊಂಡದಲ್ಲಿ ಮೊದಲೇ ತಿಲಾಪಿಯಾ ಬಿಟ್ಟು ಅವು ಮರಿ ಹಾಕಲು ಶುರು ಮಾಡಿದ ಮೇಲೆ ಕಾಳಾಂಜಿ ಬಿಡುತ್ತಾರೆ. ಅದರ ಮರಿಯನ್ನು ಇದು ತಿನ್ನುತ್ತಾ ಹೋಗುತ್ತದೆ, ತಿಲಾಪಿಯಾ ಹೆಚ್ಚಾಗುವ ತೊಂದರೆಯೂ ತಪ್ಪುತ್ತದೆ. ಆದರೆ ಚಳಿಗೆ ತಿಲಾಪಿಯಾ ಕೂಡ ಮರಿ ಹಾಕುವುದು ನಿಲ್ಲಿಸುತ್ತದೆ. ಐನೂರು ಮೀನಿಗೆ ಪೂರ್ತಿ ಅದನ್ನೇ ನಂಬಿ ಕೂರಲು ಆಗುವುದಿಲ್ಲ, ಪೆಲೆಟ್ ಬೇಕೇ ಬೇಕು.

ಒಂದು ಲೆಕ್ಕ ಹಾಕೋಣ. ಐನೂರು ಮರಿ ಬಿಟ್ಟು ಮುನ್ನೂರು ಉಳಿದವು ಎಂದುಕೊಳ್ಳಿ, ಹೊಸಬರಿಗೆ ಅದು ಒಳ್ಳೆಯ ಲೆಕ್ಕವೇ. ಒಂದೊಂದು 700 ಗ್ರಾಂ ಬಂದರೆ ಒಟ್ಟು 210 ಕೆಜಿ. ಒಂದು ಕೆಜಿ ಮೀನಿಗೆ 1.8 ಕೆಜಿ ಪೆಲೆಟ್ ಹಿಡಿದರೆ 378 ಕೆಜಿ ಬೇಕು. ಪೆಲೆಟ್ ಕೆಜಿಗೆ 120 ರೂಪಾಯಿ ಎಂದೇ ಇಟ್ಟುಕೊಂಡರೆ 45,360 ರೂಪಾಯಿ. ಅಂದರೆ ಬರೀ ತಿಂಡಿಗೇ ಕೆಜಿಗೆ 216 ಹೋಯಿತು. ಮರಿ ದುಡ್ಡು, ಕರೆಂಟು, ಸತ್ತ ಮೀನು ತಿಂದುಹೋದ ಪೆಲೆಟ್ ಎಲ್ಲ ಇದರ ಮೇಲೆ. ಕೆಜಿಗೆ 400 ಕೈಗೆ ಸಿಕ್ಕಿದರೆ ಏನೋ ಉಳಿಯುತ್ತದೆ. ಆದರೆ 700 ಗ್ರಾಂ ಎನ್ನುವುದು ನಮ್ಮ ಸೆಖೆಯ ಲೆಕ್ಕ, ಇಲ್ಲಿ ಅಷ್ಟಕ್ಕೆ ಎಂಟು ಹತ್ತು ತಿಂಗಳು ಸಾಕು. ನಿಮ್ಮ ನೀರಿನಲ್ಲಿ ಅದೇ ಮೀನು ಅರ್ಧ ವರ್ಷ ಉಪವಾಸ ಕೂತರೆ ಎಲ್ಲ ತಲೆಕೆಳಗು.

ಐನೂರು ಬೇಡ, ಮೊದಲ ಸಲ ನೂರು ಮರಿ ಸಾಕು. ಅದೂ ನಾಲ್ಕೈದು ಇಂಚಿನದ್ದು, ಪೆಲೆಟ್ ತಿನ್ನಲು ಕಲಿತದ್ದು. ತರುವಾಗ ಅಲ್ಲೇ ನಿಮ್ಮ ಕಣ್ಣೆದುರು ಪೆಲೆಟ್ ಹಾಕಿಸಿ ನೋಡಿ. ಚೆನ್ನಾಗಿರುವ ಮರಿ ಮೇಲೆ ಬಂದು ಹಾರಿ ತಿನ್ನುತ್ತದೆ. ಕಪ್ಪಗೆ ಬಣ್ಣ ತಿರುಗಿ ಮೂಲೆಯಲ್ಲಿ ನಿಂತಿದ್ದರೆ ಬೇಡ ಎಂದು ವಾಪಸ್ ಬನ್ನಿ. (ತೀರಾ ಸಣ್ಣ ಮರಿ ಕಪ್ಪಗೇ ಇರುತ್ತದೆ, ತಲೆ ಮೇಲೆ ಬಿಳಿ ಪಟ್ಟೆ ಇರುತ್ತದೆ, ಅದು ಬೇರೆ ವಿಷಯ. ಈ ಸೈಜಿನಲ್ಲಿ ಬೆಳ್ಳಿ ಬಣ್ಣಕ್ಕೆ ಬಂದಿರಬೇಕು.)

ಹಾರಂಗಿ_ದಂಡೆ:

ಕೋಡಿ ಇಲ್ಲದ ಟಾರ್ಪಾಲಿನ್ ಹೊಂಡ ಆದರೆ ನನ್ನ ತಕರಾರು ಇಲ್ಲ. ಮಳೆ ನೀರಿಗೆ ತುಂಬಿ ಹೊರಗೆ ಹರಿಯದ ಹಾಗೆ ಒಂದೂವರೆ ಅಡಿ ಖಾಲಿ ಬಿಡಿ, ಅದಕ್ಕೂ ಜಾಸ್ತಿ ಬಂದರೆ ಪೈಪಿನಲ್ಲಿ ತೆಗೆಯಿರಿ, ಪೈಪಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ. ಮೇಲೆ ಬಲೆ ಹಾಸದಿದ್ದರೆ ನೀರುಕಾಗೆ ಒಂದೇ ವಾರದಲ್ಲಿ ಖಾಲಿ ಮಾಡುತ್ತದೆ.

ಮರಿ ತರುವ ಮುಂಚೆ ಒಂದು ಕೆಲಸ ಮಾಡಿ. ಒಂದು ಸಾದಾ ಥರ್ಮಾಮೀಟರಿಗೆ ದಾರ ಕಟ್ಟಿ ಮೂರು ಅಡಿ ಆಳಕ್ಕೆ ಬಿಡಿ. ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಮೂರಕ್ಕೆ ಬರೆದಿಡಿ. ಮಳೆಗಾಲ, ಚಳಿಗಾಲ ಎರಡೂ ಕಳೆಯಲಿ. ಮೇಲಿನ ನೀರು ಬೆಚ್ಚಗಿದೆ ಎಂದು ಕೈ ಅದ್ದಿ ಹೇಳುವುದು ಬೇಡ, ಈ ಮೀನು ನಿಲ್ಲುವುದು ಕೆಳಗೆ. ಬೆಳಗ್ಗೆಯ ಲೆಕ್ಕ ಬಹಳ ದಿನ 20ರ ಕೆಳಗೆ ಬಂದರೆ ಆಸೆ ಬಿಟ್ಟುಬಿಡಿ. ಪಾಲಿಹೌಸ್ ಶೀಟ್ ಮುಚ್ಚಿ ಬೆಚ್ಚಗೆ ಇಡುವವರೂ ಇದ್ದಾರೆ, ಆದರೆ ಅಷ್ಟು ಖರ್ಚಿಗೆ ಆ ನೂರು ಮೀನು ಸಾಲುವುದಿಲ್ಲ.

ಕಾಚಂಪುಳಿ:

ಸಿದ್ದಾಪುರ ಪರವಾಗಿಲ್ಲ. ಇದೇ ಪ್ರಶ್ನೆಯನ್ನು ಮಡಿಕೇರಿಯವರು ಕೇಳಿದ್ದರೆ ಥರ್ಮಾಮೀಟರ್ ಕೂಡ ಬೇಡ ಅನ್ನುತ್ತಿದ್ದೆ, ಸಮುದ್ರದಿಂದ 1,150 ಮೀಟರ್ ಮೇಲೆ.

ಪೊನ್ನಂಪೇಟೆ_ಹುಡುಗ:

ನಾನು ಮೊದಲೇ ಹೇಳಿದ್ದೆ, ಗೆಂಡೆ.

ರೊಬಸ್ಟಾ_ರೈತ:

ಗೆಂಡೆ ದೊಡ್ಡ ಕೆರೆಗೆ ಹಾಕುತ್ತೇನೆ ಮಾರಾಯ್ರೆ, ಕಾಟ್ಲಾ ಜೊತೆಗೆ. ಸಣ್ಣ ಹೊಂಡಕ್ಕೆ ಥರ್ಮಾಮೀಟರ್ ಇವತ್ತೇ ಇಳಿಸುತ್ತೇನೆ. ಬೋರ್ಡೋ ಹೊಡೆಯುವವರಿಗೂ ಹೇಳಿದ್ದೇನೆ, ಡ್ರಮ್ ತೊಳೆಯುವುದು ಇನ್ನು ಮೇಲೆ ಗೇಟಿನ ಹತ್ತಿರದ ನಲ್ಲಿಯಲ್ಲಿ. ಗಂಗೊಳ್ಳಿಯವರೇ, ಲೆಕ್ಕ ಸರಿ ಬಂದರೆ ಮುಂದಿನ ಫೆಬ್ರವರಿಗೆ ಸಿಹಿನೀರಿಗೆ ಒಗ್ಗಿಸಿದ ನೂರು ಮರಿ ನಿಮ್ಮ ಕಡೆ ಸಿಗುತ್ತದಾ, ಎಷ್ಟು ಮುಂಚೆ ಹೇಳಬೇಕು?

ಗಂಗೊಳ್ಳಿ_ಬಲೆ:

ನಾವು ಮರಿ ಮಾರುವುದಿಲ್ಲ, ನಾವೂ ತರಿಸುವವರೇ. ನಮ್ಮ ಲೋಡ್ ಬರುವಾಗ ನಿಮ್ಮ ನೂರನ್ನೂ ಸೇರಿಸಬಹುದು, ಡಿಸೆಂಬರ್‌ನಲ್ಲಿ ಮೆಸೇಜ್ ಮಾಡಿ. ಒಗ್ಗಿಸುವ ಕೆಲಸ ಇಲ್ಲೇ ಟ್ಯಾಂಕಿಯಲ್ಲಿ ಮಾಡಿಕೊಡುತ್ತೇನೆ. ಘಾಟಿ ಹತ್ತಿಸುವುದು ರಾತ್ರಿ ಇಟ್ಟುಕೊಳ್ಳಿ, ಆಮ್ಲಜನಕ ತುಂಬಿದ ಪ್ಯಾಕೆಟ್‌ನಲ್ಲೇ ತನ್ನಿ, ಹೊರಡುವ ಹಿಂದಿನ ದಿನ ಮರಿಗೆ ತಿನ್ನಲು ಹಾಕಬಾರದು. ತಲುಪಿದ ಮೇಲೆ ಪ್ಯಾಕೆಟ್ ಒಡೆಯುವ ಮುಂಚೆ ಅರ್ಧ ಗಂಟೆ ಹೊಂಡದ ನೀರಲ್ಲೇ ತೇಲಿಸಿಡಿ, ಎರಡೂ ನೀರಿನ ಬಿಸಿ ಒಂದಾಗಲಿ.